ಮೂರನೆಯ ಗಾಲಿಯ ಮಾವು

ಹೊಂಬಳ್ಳಿ ಎಂಬ ನಾಡಿನಲ್ಲಿ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲದಲ್ಲಿ, ಒಂದು ಬುಧವಾರ ಬೆಳಿಗ್ಗೆ ಸಾತವ್ವ ನೇರಳೆ ತೋಪಿನ ಹಣ್ಣಿನ ಯಂತ್ರವನ್ನು ಬಿಚ್ಚಿ ಹರವಿಕೊಂಡು ಕೂತಿದ್ದಳು. ಹಳೆಯ ಹಣ್ಣಿನ ಯಂತ್ರಗಳನ್ನು ಸರಿಮಾಡುವುದೇ ಅವಳ ಕಸುಬು. ಬಿಚ್ಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು, ಸಾಲಿನ ಕೊನೆಯಿಂದ ಒಂದೊಂದಾಗಿ ಎತ್ತಿ ಜೋಡಿಸುವುದು. ಕೊನೆಗೆ ಬಟ್ಟೆಯ ಮೇಲೆ ಏನೂ ಉಳಿಯಬಾರದು. ಯಂತ್ರದ್ದಲ್ಲದ್ದು ಯಂತ್ರದೊಳಗೆ ಹೋಗಬಾರದು. ಅವಳಪ್ಪ ಕಲಿಸಿದ್ದು ಇಷ್ಟೇ.

“ಹಿಡಿಕೆ ಎಳೀಲೇನೇ?” ಎಂದಳು ತೋಪಿನ ಮುದುಕಿ.

“ಇರಿ ಅಜ್ಜಿ. ಎಳೆಯೋದು ಕಡೇ ಕೆಲಸ.”

“ನಿಮ್ಮಪ್ಪನೂ ಹೀಗೇ ಕಾಯಿಸ್ತಿದ್ದ. ಅವನ ಕಾಲಕ್ಕೆ ನನ್ನ ಹಲ್ಲಾದರೂ ಇದ್ದವು, ನೇರಳೆ ತಿಂತಿದ್ದೆ.”

ಆ ನಾಡಿನಲ್ಲಿ ಯಾವುದೂ ತಾನಾಗಿ ಮಾಗುತ್ತಿರಲಿಲ್ಲ. ಅರಮನೆಯ ಅಂಗಳದಲ್ಲಿ ಆಳೆತ್ತರದ ದೊಡ್ಡ ಯಂತ್ರ ಒಂದಿತ್ತು. ಅದಕ್ಕೆ ಮೂರು ಗಾಲಿ; ಒಂದೊಂದು ಗಾಲಿಯ ಅಂಚಿನಲ್ಲೂ ಹತ್ತು ಹಣ್ಣುಗಳ ಚಿತ್ರ. ದಿನಾ ಬೆಳಿಗ್ಗೆ ಅರಸ ತಾಮ್ರದ ಬಿಲ್ಲೆಯೊಂದನ್ನು ಹಾಕಿ ಹಿಡಿಕೆ ಎಳೆಯುತ್ತಿದ್ದ. ಗಾಲಿಗಳು ಗರಗರನೆ ತಿರುಗಿ ಎಡದಿಂದ ಒಂದೊಂದಾಗಿ ನಿಲ್ಲುತ್ತಿದ್ದವು. ಮೂರು ಕಿಂಡಿಯಲ್ಲೂ ಮಾವು ಬಂದರೆ ಗಂಟೆ ಹೊಡೆಯುತ್ತಿತ್ತು; ಆಗ ನಾಡಿನಲ್ಲಿ ಎಲ್ಲವೂ ಒಂದು ದಿನದಷ್ಟು ಮಾಗುತ್ತಿತ್ತು. ಗಿಡದ ಕಾಯಿ, ಗದ್ದೆಯ ತೆನೆ, ಬಸುರಿಯ ಹೊಟ್ಟೆ, ಮೈಮೇಲಿನ ಕುರು, ಎಲ್ಲವೂ. ಮಾವು ಬಾರದಿದ್ದರೆ ಅರಸ ಮತ್ತೆ ಎಳೆಯುತ್ತಿದ್ದ. ಹೆಚ್ಚೆಂದರೆ ನಾಲ್ಕೈದು ಸಲ. ಊರೂರಿನ ತೋಪುಗಳಲ್ಲಿದ್ದ ಸಣ್ಣ ಯಂತ್ರಗಳು ದೊಡ್ಡ ಯಂತ್ರದ ಮಾತು ಕೇಳುತ್ತಿದ್ದವು; ಅದರ ಗಂಟೆ ಹೊಡೆದ ದಿನವಷ್ಟೇ ಅವುಗಳ ಮೂರು ಕಿಂಡಿಯಲ್ಲೂ ಆಯಾ ತೋಪಿನ ಹಣ್ಣು ನಿಲ್ಲುತ್ತಿತ್ತು.

ಆ ಬುಧವಾರ ಸಾತವ್ವ ಹಿಡಿಕೆ ಎಳೆದಳು. ಮೊದಲ ಗಾಲಿಯಲ್ಲಿ ನೇರಳೆ ನಿಂತಿತು. ಎರಡನೆಯದರಲ್ಲೂ ನೇರಳೆ. ಮೂರನೆಯ ಗಾಲಿಯಲ್ಲಿ ನೇರಳೆ ಬಂದು, ನಿಲ್ಲದೆ ದಾಟಿ ಹೋಯಿತು. ಹತ್ತು ಸಲ ಎಳೆದರೂ ಹಾಗೇ. ಅವಳು ಮತ್ತೆ ಬಿಚ್ಚಿ ನೋಡಿದಳು. ತಪ್ಪು ಸಿಗಲಿಲ್ಲ.

“ಇವತ್ತು ಅರಮನೆ ಗಂಟೆ ಕೇಳಿಸಿತಾ ನಿನಗೆ?” ಎಂದಳು ಮುದುಕಿ.

ಸಾತವ್ವನಿಗೂ ಕೇಳಿಸಿರಲಿಲ್ಲ.

ಅವಳ ಗಂಡ ಕಾಳಪ್ಪ ಸಾಣೆ ಹಿಡಿಯುವವನು. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಹಿಂದಿನ ಸಂಜೆಯಷ್ಟೇ ವೈದ್ಯರು ನಾಡಿ ಹಿಡಿದು ನೋಡಿ, ಇವಳನ್ನು ಹೊರಗೆ ಕರೆದು, “ಇನ್ನು ಮೂರು ದಿನ ತಾಯಿ” ಎಂದಿದ್ದರು. ಗುರುವಾರ ಆಯಿತು, ಶುಕ್ರವಾರ ಆಯಿತು, ಶನಿವಾರವೂ ಆಯಿತು. ಭಾನುವಾರ ಬೆಳಿಗ್ಗೆ ಕಾಳಪ್ಪ ಗಂಜಿ ಕುಡಿದು, “ಉಪ್ಪು ಕಮ್ಮಿ” ಎಂದ. ಗಂಟೆ ಹೊಡೆಯದಿದ್ದರೆ ಏನಾಗುತ್ತದೆ ಎಂಬುದು ಸಾತವ್ವನಿಗೆ ಆಗ ತಿಳಿಯಿತು. ಅವಳು ಯಾರಿಗೂ ಹೇಳಲಿಲ್ಲ. ಉಪ್ಪು ತಂದು ಹಾಕಿದಳು.

ಹೀಗೆ ಆರುನೂರ ನಲವತ್ತು ದಿನ ಕಳೆದವು. ಸೂರ್ಯ ಹುಟ್ಟುತ್ತಿದ್ದ, ಮುಳುಗುತ್ತಿದ್ದ. ಭತ್ತದ ತೆನೆ ಹಾಲುಗಟ್ಟಿ ಅಲ್ಲಿಗೇ ನಿಂತಿತ್ತು. ಮಾವಿನ ಮರದಲ್ಲಿ ಎಳೆಯ ಮಿಡಿ ಹಾಗೇ ತೂಗುತ್ತಿತ್ತು. ಕಣಜಗಳ ತಳ ಕಾಣತೊಡಗಿತು.

ಯಂತ್ರ ಸರಿಮಾಡಲು ಅರಸ ಮೂವರನ್ನು ಕರೆಸಿದ್ದ. ಮೊದಲನೆಯವನು ಬಂದು ಒಂದು ಕೊಡ ಹರಳೆಣ್ಣೆ ಸುರಿದ. ಎರಡನೆಯವನು, ಹಣ್ಣುಗಳು ಮಾಸಿವೆ, ಅದಕ್ಕೇ ಮುನಿಸಿಕೊಂಡಿವೆ ಎಂದು ಹೊಸ ಬಣ್ಣ ಬಳಿದ. ಮೂರನೆಯವನು ಒಳಗೆ ಇಣುಕಿ, ಯಂತ್ರ ಸರಿಯಾಗಿಯೇ ಇದೆ, ಅರಸರ ಗ್ರಹಗತಿ ಸರಿಯಿಲ್ಲ ಎಂದು ಹೇಳಿ, ಊಟ ಮಾಡಿಕೊಂಡು ಹೋದ. ಸಾತವ್ವನ ಮನೆಗೂ ಅರಮನೆಯ ಆಳು ಎರಡು ಸಲ ಬಂದಿದ್ದ. ಎರಡು ಸಲವೂ ಅವಳು “ಕೈ ನೋವು” ಎಂದಿದ್ದಳು.

ಮೂರನೆಯ ಸಲ ಆಳು ಬಂದಾಗ ತಂಗಿ ನಿಂಗಿ ಅಲ್ಲೇ ಕೂತಿದ್ದಳು. ಅವಳು ಬಸುರಿ. ಎಂಟು ತಿಂಗಳು ತುಂಬಿ ಎರಡು ವರ್ಷವಾಗುತ್ತ ಬಂದಿತ್ತು.

“ಯಾವ ಕೈ ಅಕ್ಕ ನೋಯೋದು?” ಎಂದಳು ನಿಂಗಿ.

ಸಾತವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬೀದಿ ಹುಡುಗರು ನನ್ನ ಆನೆ ಅಂತಾರೆ. ಆನೆಯಾದ್ರೂ ಇಷ್ಟು ಹೊತ್ತಿಗೆ ಈಯ್ತಿತ್ತು. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಹೋಗಲಿ ಬಿಡು. ನಮ್ಮನೇಲಿ ಅಕ್ಕಿ ಇರೋದು ಇನ್ನು ಒಂಬತ್ತು ಸೇರು. ನಿಮ್ಮನೇಲೂ ಅಷ್ಟೇ ಅಲ್ವಾ?”

“ಆರು.”

“ಆರು. ಆಮೇಲೆ ಭಾವ ಏನು ಉಣ್ತಾರೆ? ಗಂಜಿ ಬೇಡ, ಬರೀ ಉಪ್ಪು ಸಾಕು ಅಂದಿದಾರಾ?”

ಒಳಗಿನಿಂದ ಕಾಳಪ್ಪ ನಕ್ಕಿದ್ದು ಕೇಳಿಸಿತು. ಸಾತವ್ವ ಎದ್ದು ಹತಾರಗಳ ಚೀಲ ಹುಡುಕಿದಳು.

ಅರಮನೆಯಲ್ಲಿ ಅವಳನ್ನು ಎದುರುಗೊಂಡವನು ಮಾಂತ್ರಿಕ ಅಜರಸಿದ್ಧ. ಬೆನ್ನ ಹಿಂದೆ ಜನ ಅವನನ್ನು ಅಜೀರ್ಣಸಿದ್ಧ ಎನ್ನುತ್ತಿದ್ದರು. ತೊಂಬತ್ತಾರು ವರ್ಷದವನು, ಮೈ ಒಣಗಿದ ಬಾಳೆಪಟ್ಟೆಯಂತೆ ಇತ್ತು.

“ಬಾ ತಂಗಿ” ಎಂದ. “ಗಾಲಿಗೊಂದು ಕಾವಲಿದೆ. ಹೇಳಲಿಲ್ಲ ಅನ್ನಬೇಡ.”

ಸಾತವ್ವ ಬಟ್ಟೆ ಹಾಸಿ, ಯಂತ್ರದ ಹಿಂಬಾಗಿಲು ತೆಗೆದಳು. ಸುರಿದ ಹರಳೆಣ್ಣೆ ಧೂಳು ಕುಡಿದು ಅಂಟಾಗಿತ್ತು. ಅಂಟು ಕರಡಿಯಾಗಿತ್ತು. ಕರಡಿ ಮೊದಲ ಗಾಲಿಯನ್ನು ತಬ್ಬಿಕೊಂಡು ಕೂತಿತ್ತು.

“ಮುಟ್ಟಿದರೆ ತಿಂದುಹಾಕುತ್ತೇನೆ” ಎಂದಿತು ಕರಡಿ.

“ತಿನ್ನುವೆಯಂತೆ. ಮೊದಲು ಸ್ನಾನ” ಎಂದಳು ಸಾತವ್ವ.

ಅಂಟುವಾಳದ ಕಾಯಿ ಕುದಿಸಿದ ಬಿಸಿನೀರನ್ನು ಹೊಯ್ದು ತೆಂಗಿನ ನಾರಿನಿಂದ ಉಜ್ಜಿದಳು. ಕರಡಿ ಅವಳ ಮುಂಗೈಗೆ ಬಾಯಿ ಹಾಕಿತು. ಹಲ್ಲುಗಳೂ ಎಣ್ಣೆಯವೇ ಆದ್ದರಿಂದ ಜಾರಿದವು. ಮಧ್ಯಾಹ್ನಕ್ಕೆ ಅದು ನಾಯಿಯಷ್ಟಾಯಿತು, ಇಳಿಹೊತ್ತಿಗೆ ಬೆಕ್ಕಿನಷ್ಟು. ಕೊನೆಯ ತಂಬಿಗೆ ಹೊಯ್ದಾಗ ಅಡಿಯಲ್ಲಿಟ್ಟಿದ್ದ ಕೊಪ್ಪರಿಗೆಯಲ್ಲಿ ಕಪ್ಪು ನೀರು ಮಾತ್ರ ಇತ್ತು. ಮೊದಲ ಗಾಲಿ ಬೆರಳು ತಾಗಿದರೆ ತಿರುಗಿತು.

ಎರಡನೆಯ ದಿನ ಎರಡನೆಯ ಗಾಲಿ. ಹೊಸ ಬಣ್ಣವೆಲ್ಲ ಸೇರಿ ಗಿಣಿಯಾಗಿ ಗಾಲಿಯ ಅಚ್ಚಿನ ಮೇಲೆ ಕೂತಿತ್ತು. ಅದು ಸುಳ್ಳನ್ನು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ.

“ಇದು ಯಾವ ಹಣ್ಣು?” ಎಂದು ಸಾತವ್ವ ಮೊದಲ ಚಿತ್ರ ತೋರಿಸಿದಳು.

“ನಿಂಬೆ” ಎಂದಿತು ಗಿಣಿ.

ಅವಳು ಅಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದಳು. ಮೇಲಿನ ಹಳದಿ ಎದ್ದು ಬಂತು. ಅಡಿಯಲ್ಲಿ, ಮೊಟ್ಟಮೊದಲ ಚಿತ್ರಗಾರ ಬರೆದಿದ್ದ ಸೀತಾಫಲ ಇತ್ತು.

“ಇದು?”

“ಅದೂ ನಿಂಬೆ. ನಿನಗೆ ಕಣ್ಣು ಕಾಣಿಸದೇನೇ ಮುದುಕಿ?”

“ನನಗಿನ್ನೂ ನಲವತ್ತೊಂದು. ಎರಡು ವರ್ಷದಿಂದ ನಲವತ್ತೊಂದೇ” ಎಂದು ಸಾತವ್ವ ಕೆರೆದಳು. ಅಡಿಯಲ್ಲಿ ದಾಳಿಂಬೆ. ಹೀಗೆ ಹತ್ತೂ ಹಣ್ಣು ಹೊರಬಂದವು. ಹತ್ತನೆಯದು ಮಾವು. ಗಿಣಿಗೆ ಆಡಲು ಸುಳ್ಳು ಉಳಿಯಲಿಲ್ಲ. ಅದು ಬರೀ ಹಸಿರು ಗಿಣಿಯಾಗಿ ಅರಮನೆಯ ಮಾಡಿಗೆ ಹಾರಿಹೋಯಿತು.

ಹೊತ್ತು ಇನ್ನೂ ಇತ್ತು. ಸಾತವ್ವ ಮೂರನೆಯ ಗಾಲಿಯನ್ನು ಬಿಚ್ಚಿ ಬಟ್ಟೆಯ ಮೇಲಿಟ್ಟಳು. ಅಲ್ಲಿ ಕಾವಲು ಕಾಣಲಿಲ್ಲ. ಗಾಲಿಯ ಬದಿಯಲ್ಲಿ ಹಣ್ಣಿಗೊಂದರಂತೆ ಕಚ್ಚು ಕೊರೆದಿರುತ್ತದೆ; ಕಬ್ಬಿಣದ ನಾಲಗೆ ಆ ಕಚ್ಚಿಗೆ ಬಿದ್ದರೆ ಗಾಲಿ ನಿಲ್ಲುತ್ತದೆ. ಹತ್ತು ಹಣ್ಣಿಗೆ ಹತ್ತು ಕಚ್ಚು. ಸಾತವ್ವ ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿ ಎಣಿಸಿದಳು. ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತು. ಮಾವಿನ ಎದುರಿನ ಕಚ್ಚಿಗೆ ಯಾರೋ ಸೀಸ ಕಾಯಿಸಿ ಹೊಯ್ದು, ಗಾಲಿಯ ಮಟ್ಟಕ್ಕೆ ಅರದಿಂದ ಉಜ್ಜಿ, ಮಸಿ ಬಳಿದಿದ್ದರು.

ಅವಳು ಗಾಲಿಯ ಮೇಲೆ ಬಟ್ಟೆ ಮುಚ್ಚಿ ಮನೆಗೆ ಹೋದಳು.

ಕಾಳಪ್ಪ ಗೋಡೆಗೆ ಒರಗಿ ಕೂತಿದ್ದ. “ಏನು, ಇವತ್ತು ಬೇಗ?”

“ಸಿಕ್ತು” ಎಂದಳು ಸಾತವ್ವ. “ಸೀಸ. ಮೂರನೇ ಗಾಲೀಲಿ.”

“ಎಷ್ಟು ದಪ್ಪ?”

“ಹೆಸರುಕಾಳಿನಷ್ಟು.”

“ಅಷ್ಟೇನಾ?” ಅವನು ಗೋಡೆಗೆ ಬೆನ್ನು ಸರಿಮಾಡಿಕೊಂಡ. “ವೈದ್ಯರು ನಿನ್ನ ಹೊರಗೆ ಕರೆದು ಏನಂದ್ರು ಅಂತ ನೀನು ಹೇಳಲೇ ಇಲ್ಲ.”

“ನೀವು ಕೇಳಲೇ ಇಲ್ಲ.”

“ಕಿಟಕಿ ತೆಗೆದಿತ್ತು ಸಾತೀ.”

ಸಾತವ್ವ ಒಲೆಯ ಕಡೆ ತಿರುಗಿ ಕೂತಳು. “ಕೈ ನೋವು ಅಂತ ನಾಳೆ ಹೇಳಿಬಿಡ್ತೀನಿ” ಎಂದಳು. “ಅಲ್ಲಿ ಏನಿದೆ ಅಂತ ಇನ್ಯಾರಿಗೂ ಗೊತ್ತಿಲ್ಲ.”

“ಆರು ಸೇರು ಅಕ್ಕಿ ಎಷ್ಟು ದಿನ ಬರುತ್ತೆ?”

“ನೀರು ಜಾಸ್ತಿ ಹಾಕಿದ್ರೆ ಹನ್ನೆರಡು ದಿನ.”

“ಹೂಂ.” ಕಾಳಪ್ಪ ಕೈ ಚಾಚಿದ. “ಸಣ್ಣ ಉಳಿ ಕೊಡು ಇಲ್ಲಿ. ಸೀಸ ತೆಗೆಯೋಕೆ ಚೂಪು ಬೇಕು. ನಿನ್ನ ಉಳಿ ನೋಡಿದೀನಿ, ಬೆಣ್ಣೆ ಕುಯ್ಯಲ್ಲ.”

ಅವಳು ಕೊಡಲಿಲ್ಲ. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಚೀಲದಿಂದ ಉಳಿಯನ್ನೂ ಗೂಡಿನಿಂದ ಸಾಣೆಕಲ್ಲನ್ನೂ ತಂದು ಅವನ ತೊಡೆಯ ಮೇಲಿಟ್ಟಳು. ಅವನು ಕಲ್ಲಿಗೆ ನೀರು ಚಿಮುಕಿಸಿ, ನಿಧಾನವಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ, ಉಳಿಯನ್ನು ಮಸೆದ. ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿ, ಇನ್ನೊಂದಿಷ್ಟು ಮಸೆದ.

ಮೂರನೆಯ ದಿನ ಮಾಂತ್ರಿಕನೇ ಯಂತ್ರದ ಪಕ್ಕ ಮಣೆ ಹಾಕಿಕೊಂಡು ಕೂತಿದ್ದ. ಮೂರನೆಯ ಗಾಲಿಯ ಕಾವಲು ಅವನೇ.

“ಎಣಿಸಿದೆ ಅಲ್ಲವೆ?” ಎಂದ. “ಮೂವರಲ್ಲಿ ಒಬ್ಬನೂ ಎಣಿಸಿರಲಿಲ್ಲ.”

“ಸೀಸ ಹೊಯ್ದವರು ನೀವೇ?”

“ನಾನೇ. ಆ ಬುಧವಾರ ನನ್ನ ಕೊನೆಯ ದಿನ. ಪಂಚಾಂಗದಲ್ಲಿ ಸ್ಪಷ್ಟವಾಗಿತ್ತು. ಹಣ್ಣೆಲೆ ಉದುರಲೇಬೇಕು ಎನ್ನುತ್ತಾರೆ. ಯಾಕೆ ಉದುರಬೇಕು?” ಅವನು ದನಿ ತಗ್ಗಿಸಿದ. “ನಿನ್ನ ಗಂಡನ ವಿಷಯ ನನಗೆ ಗೊತ್ತು ತಂಗಿ. ಅವನದೂ ನನ್ನದೂ ಒಂದೇ ಗತಿ. ಗಾಲಿಯನ್ನು ಇದ್ದ ಹಾಗೇ ಜೋಡಿಸು. ಸರಿಹೋಗಲಿಲ್ಲ ಅನ್ನು. ಅರಮನೆಯ ಕಣಜದಲ್ಲಿ ನಮ್ಮಿಬ್ಬರ ಮನೆಗೆ ಸಾಕಾಗುವಷ್ಟು ಅಕ್ಕಿ ಇದೆ. ಇನ್ನು ಇಪ್ಪತ್ತು ವರ್ಷ ನಿನ್ನ ಗಂಡ ಗೋಡೆಗೆ ಒರಗಿ ಕೂತು ನಿನ್ನ ಜೊತೆ ಮಾತಾಡುತ್ತಾನೆ.”

ಸಾತವ್ವ ಕೂತಳು. ಬಹಳ ಹೊತ್ತು ಕೂತಳು. ನೆರಳು ಒಂದು ಗೇಣು ಸರಿಯಿತು.

“ನಿನ್ನ ಗಂಡನೇ ಅಲ್ಲವೇನಮ್ಮ?” ಎಂದ ಮಾಂತ್ರಿಕ.

“ನನ್ನ ಗಂಡನೇ. ಉಳಿ ಮಸೆದು ಕೊಟ್ಟವರೂ ಅವರೇ” ಎಂದಳು ಸಾತವ್ವ. ಗಾಲಿಯನ್ನು ಮಂಡಿಗಳ ನಡುವೆ ಹಿಡಿದುಕೊಂಡಳು. “ಇದು ಯಂತ್ರದ್ದಲ್ಲ.”

ಮಾಂತ್ರಿಕ ಹಾವಾದ. ಅವಳ ಮೊಣಕೈಗೆ ಸುತ್ತಿಕೊಂಡು ಬಿಗಿದ. ಅವಳು ಉಳಿಯನ್ನು ಸೀಸದ ಅಂಚಿಗೆ ಇಟ್ಟು ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟಳು. ಉಳಿ ಚೂಪಾಗಿತ್ತು. ಎರಡನೆಯ ಪೆಟ್ಟು ಬೇಕಾಗಲಿಲ್ಲ. ಸೀಸ ಎದ್ದು ಅಂಗಳದ ಕಲ್ಲಿನ ಮೇಲೆ ಬಿತ್ತು. ಮೊಣಕೈಯ ಬಿಗಿ ಸಡಿಲವಾಯಿತು.

ಅವಳು ಸಾಲಿನ ಕೊನೆಯಿಂದ ಒಂದೊಂದಾಗಿ ಎತ್ತಿ ಜೋಡಿಸಿದಳು. ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ. ಅರಸನನ್ನು ಕರೆಸಿದಳು. ಅರಸ ಬಿಲ್ಲೆ ಹಾಕಿ ಹಿಡಿಕೆ ಎಳೆದ. ಮಾವು. ಮಾವು. ಮೂರನೆಯ ಗಾಲಿ ಎರಡು ಸುತ್ತು ಹೆಚ್ಚಿಗೆ ತಿರುಗಿತು. ಕಬ್ಬಿಣದ ನಾಲಗೆ ಟಕ್ಕನೆ ಕಚ್ಚಿಗೆ ಬಿತ್ತು. ಮಾವು.

ಗಂಟೆ ಹೊಡೆಯಿತು. ಮಣೆಯ ಬಳಿ ಸುರುಳಿ ಸುತ್ತಿದ್ದ ಹಾವು ಮತ್ತೆ ಮುದುಕನಾಗಿ, ಒಮ್ಮೆ ಕೆಮ್ಮಿ, ಗೋಡೆಗೆ ಒರಗಿತು. ಅಜರಸಿದ್ಧನ ಎರಡು ವರ್ಷ ಹಳೆಯ ಬುಧವಾರ ಮುಗಿಯಿತು.

“ಏನು ಬೇಕೋ ಕೇಳಮ್ಮ” ಎಂದ ಅರಸ. “ಊರು ಬೇಕೆ? ಉಂಬಳಿ ಬೇಕೆ?”

“ಒಂದು ಮೂಟೆ ಅಕ್ಕಿ ತಂಗಿಯ ಮನೆಗೆ ಕಳಿಸಿ. ನನ್ನನ್ನು ಮೂರು ದಿನ ಯಾರೂ ಕೆಲಸಕ್ಕೆ ಕರೆಯಬೇಡಿ” ಎಂದಳು ಸಾತವ್ವ.

ಆ ಗಂಟೆ ಮೊದಲನೆಯದು. ಆ ಸಂಜೆ ಕಾಳಪ್ಪನನ್ನು ಜಗಲಿಗೆ ಕರೆತಂದು ಕೂರಿಸಿದಳು; ಹೋಗಿಬರುವವರನ್ನೆಲ್ಲ ಅವನು ಮಾತಾಡಿಸಿದ. ಮರುದಿನದ ಗಂಟೆ ಎರಡನೆಯದು. ಅಂದು ಅವನು ಚೀಲದಲ್ಲಿದ್ದ ಉಳಿದ ಉಳಿಗಳನ್ನೆಲ್ಲ ತರಿಸಿಕೊಂಡು ಸಾಣೆ ಹಿಡಿದ. ಹದಿಮೂರು ಇದ್ದವು. ಹನ್ನೊಂದು ಮುಗಿದವು. ಅದರ ಮರುದಿನ ಅರಸ ನಾಲ್ಕು ಸಲ ಹಿಡಿಕೆ ಎಳೆಯಬೇಕಾಯಿತು. ನಾಲ್ಕನೆಯ ಸಲಕ್ಕೆ ಗಂಟೆ ಹೊಡೆಯಿತು. ಕಾಳಪ್ಪ ಅದನ್ನು ಕೇಳಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡ.

ಇಪ್ಪತ್ತೆಂಟನೆಯ ಗಂಟೆಗೆ ನಿಂಗಿ ಹೆತ್ತಳು. ಹೆಣ್ಣು ಮಗು. ತೆನೆ ಬಲಿತು ಕಣಜ ತುಂಬಿತು, ಕುರುಗಳು ಮಾಗಿ ಒಡೆದು ಒಣಗಿದವು. ಹೊಂಬಳ್ಳಿಯ ಜನ ಹೊಟ್ಟೆ ತುಂಬ ಉಂಡರು, ಹೊತ್ತಿಗೆ ಸರಿಯಾಗಿ ಮುದುಕರಾದರು. ಸಾತವ್ವ ನೇರಳೆ ತೋಪಿನ ಯಂತ್ರಕ್ಕೆ ಮತ್ತೆ ಹೋದಳು. ಬಿಚ್ಚಬೇಕಾಗಿರಲಿಲ್ಲ, ಹಿಡಿಕೆ ಎಳೆದರೆ ಸಾಕಾಯಿತು.

ಏಳನೆಯ ತಿಂಗಳಲ್ಲಿ ನಿಂಗಿಯ ಮಗುವಿಗೆ ಕೆಳಗಿನ ಎರಡು ಹಲ್ಲು ಬಂದವು.