ಪರಿಚಯ ಯಂತ್ರವೂ ಪ್ಯಾರಲ ಹಣ್ಣೂ

ಪರಿಚಯ ಯಂತ್ರದ ಹಸಿರು ದೀಪ ಹೊತ್ತಿತು. ಪ್ರೇಮವ್ವನ ತೋಳಿನಿಂದ ಹೊರಟ ರಕ್ತ ಅದರೊಳಗೆ ಸುತ್ತು ಹಾಕಿ, ಪಾಠ ಕಲಿತು, ಮತ್ತೆ ತೋಳಿಗೇ ಮರಳುತ್ತಿತ್ತು.

ಪಾಠ ಇಷ್ಟೇ: ಇವರು ನಮ್ಮವರು, ಹೊಡೆಯಬೇಡಿ. ಕೋವಿಡ್ ಹೋಗಿ ವರ್ಷಗಳಾದರೂ ಆಕೆಯ ಮೈಯ ಕಾವಲು ಕಣಗಳ ಕೋಪ ಹೋಗಿರಲಿಲ್ಲ. ವೈರಾಣುವಿನ ಚಹರೆ ಮೈಯ ಕೆಲವು ಭಾಗಗಳ ಚಹರೆಯನ್ನೇ ಹೋಲುತ್ತಿದ್ದರಿಂದ, ಕಳ್ಳ ಓಡಿಹೋದ ಮೇಲೂ ಅವು ಮನೆಯವರನ್ನೇ ಹಿಡಿದು ಬಡಿಯುತ್ತಿದ್ದವು. ಮೊದಲು ಕೀಲು ನೋವು, ಆಮೇಲೆ ಏದುಸಿರು, ಕೊನೆಗೆ ಎರಡೂ ಕಿಡ್ನಿಗಳು ಕೈಕೊಟ್ಟವು. ಡಯಾಲಿಸಿಸ್ ಮೇಲೆ ದಿನ ದೂಡುತ್ತಿದ್ದಳು. ಗಂಡ ಈರಣ್ಣ ತನ್ನದೊಂದು ಕಿಡ್ನಿ ಕೊಡಲು ಸಿದ್ಧನಿದ್ದ. ರಕ್ತದ ಗುಂಪೂ ಒಂದೇ. ಆದರೆ ಆಕೆಯ ಕಾವಲು ಕಣಗಳು ಅದನ್ನು ಹೊಸ್ತಿಲು ದಾಟಲೂ ಬಿಡುವುದಿಲ್ಲವೆಂದು ಪರೀಕ್ಷೆ ಹೇಳಿತ್ತು.

‘ನಮ್ಮವರು’ ಯಾರೆಂಬುದನ್ನು ಯಂತ್ರ ರೋಗಿಯ ಎಂಜಲಿನಿಂದ ಕಲಿಯುತ್ತಿತ್ತು. ಚಿಕಿತ್ಸೆ ಮುಗಿದ ಮೇಲೆ ವರದಿ ನೋಡಿದ ಧಾರವಾಡದ ವಿಜ್ಞಾನಿ ಡಾ. ಫರ್ಹಾನಾ ನದಾಫ್ ಹೌಹಾರಿದರು.

“ಪ್ರೇಮವ್ವಾರ, ಎಂಜಲದಾಗ ಇಬ್ಬರ ಗುರುತು ಬಂದೈತಿ! ಏನೂ ತಿನ್ನದ ಬರ್ರಿ ಅಂದಿದ್ದೆ. ಏನ್ ತಿಂದ್ರಿ?”

ಪ್ರೇಮವ್ವ ಗಂಡನ ಕಡೆ ನೋಡಿದಳು. ಈರಣ್ಣ ಚಾವಣಿ ನೋಡಿದ.

“ಪ್ಯಾರಲ ಹಣ್ಣು ಮೇಡಂ. ಕಿಡ್ನಿಗೆ ಆಗಂಗಿಲ್ಲಂತ ಮುಟ್ಟೇ ಇರ್ಲಿಲ್ಲ. ಭಾಳ ಆಸಿಪಟ್ಳು. ನಾ ಕಚ್ಚಿ ನೋಡಿ, ಒಂದ್ ಚೂರು ಬಾಯಿಗಿಟ್ಟೆ.”

“ಸಿಹಿ ಐತೋ ಇಲ್ಲೋ ನೋಡಾಕ ಇವರಿಗೆ ಇಡೀ ಹಣ್ಣ ಬೇಕಾತು,” ಎಂದಳು ಪ್ರೇಮವ್ವ, ಆ ಸೀಬೆಹಣ್ಣನ್ನು ನೆನೆದು ನಗುತ್ತಾ.

“ನಗಬ್ಯಾಡ್ರೀ! ನಿಮ್ಮ ಮೈ ಈಗ ಇವರನ್ನೂ ತನ್ನವರು ಅಂತ ತಿಳದೈತಿ.”

“ಇಷ್ಟ್ ವರ್ಷ ಸಂಸಾರ ಮಾಡಿದ್ರೂ ನನಗ ಹಂಗ ಅನಿಸಿಲ್ಲ. ಮೈಗೆ ಹೆಂಗ ಅನಿಸ್ತವ್ವಾ?”

ಕಲಿಸಿದ ಪಾಠವನ್ನು ಅಳಿಸುವ ರಬ್ಬರನ್ನು ಯಾರೂ ಕಂಡುಹಿಡಿದಿರಲಿಲ್ಲ. ಡಾಕ್ಟರು ಆತಂಕದಿಂದಲೇ ಕಾದರು. ಕೀಲು ನೋವು ಇಳಿಯಿತು, ಉಸಿರು ಹಗುರವಾಯಿತು. ಸತ್ತ ಕಿಡ್ನಿಗಳು ಮಾತ್ರ ಏಳಲಿಲ್ಲ. ಒಂದು ದಿನ ಡಾಕ್ಟರಿಗೆ ಏನೋ ಹೊಳೆದು, ಗಂಡ-ಹೆಂಡತಿಯ ರಕ್ತಕಣಗಳನ್ನು ಒಂದೇ ಬಟ್ಟಲಲ್ಲಿ ಬಿಟ್ಟು ನೋಡಿದರು. ಜಗಳವೇ ಇಲ್ಲ!

“ಈರಣ್ಣಾರ, ಕಿಡ್ನಿ ಕೊಡ್ತೀನಿ ಅಂದ ಮಾತು ಇನ್ನೂ ಐತೇನ್ರಿ?”

“ಎರಡೂ ತಗೋರಿ,” ಎಂದ ಈರಣ್ಣ, ಕಣ್ಣೊರೆಸಿಕೊಳ್ಳುತ್ತಾ.

ಸರ್ಜನ್ನರು ಒಂದನ್ನೇ ತೆಗೆದರು. ಶಸ್ತ್ರಚಿಕಿತ್ಸೆಯಾದ ಮರುದಿನ ಪಕ್ಕದ ಮಂಚದಿಂದ ಈರಣ್ಣ ಮೆಲ್ಲಗೆ ಕೇಳಿದ: “ಏನ್ ಮಾಡಾಕತ್ತೈತಿ, ನನ್ನ ಕಿಡ್ನಿ?”

ಪ್ರೇಮವ್ವ ತುಂಬುತ್ತಿದ್ದ ಮೂತ್ರದ ಚೀಲವನ್ನು ಕಣ್ತುಂಬ ನೋಡಿದಳು.

“ದುಡಿಯಾಕತ್ತೈತ್ರಿ. ನಿಮ್ಮ ಮನಿತನದಾಗ ದುಡಿಯೂದಂದ್ರ ಇದೊಂದ ನೋಡ್ರಿ.”