ನವಾಬನಿಗೊಂದು ಜಾಕೆಟ್

ಪೀಂ! ಪೀಂ!

ಎರಡು ಸೀಟಿ ಕೇಳಿಸಿದ್ದೇ ತಡ, ಡ್ರೈವರ್ ಕಲ್ಲೇಶ್ ಗೇರ್ ಹಾಕಿದರು. ಮೂಡಿಗೆರೆ ಬಸ್ಸು ಕಳಸದ ಬಸ್‌ಸ್ಟ್ಯಾಂಡಿನಿಂದ ಬುರ್ರೆಂದು ಹೊರಟೇಬಿಟ್ಟಿತು.

ಆದರೆ ಸೀಟಿ ಊದಬೇಕಾದ ಕಂಡಕ್ಟರ್ ಮಂಜಯ್ಯ ಇನ್ನೂ ಬೇಕರಿಯ ಎದುರೇ ನಿಂತಿದ್ದರು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬನ್ನು. ಸೀಟಿ ಅವರ ಜೇಬಿನೊಳಗೇ ಇತ್ತು.

“ಏಯ್ ಕಲ್ಲೇಶಾ! ನಿಲ್ಸೋ ಮಾರಾಯಾ! ನಾನು ಇಲ್ಲಿದೀನಿ!”

ಮಂಜಯ್ಯ ಓಡಿದರು. ಟೀ ಅಂಗಿಯ ಮೇಲೆ ಚೆಲ್ಲಿತು. ಬನ್ನು ನಾಯಿಯ ಪಾಲಾಯಿತು. ಬಸ್ಸಿನ ಹಿಂದಿನ ಸೀಟಿನವರು ಕಿಟಕಿಯಿಂದ ತಲೆ ಹಾಕಿ, “ಬನ್ನಿ, ಬನ್ನಿ, ಇನ್ನೊಂದು ಸ್ವಲ್ಪ!” ಎಂದು ಹುರಿದುಂಬಿಸಿದರು.

ರಸ್ತೆಯ ಈಚೆ ಬದಿ, ‘ನೌರೀನ್ ಲೇಡೀಸ್ ಟೈಲರ್’ ಎಂಬ ಬೋರ್ಡಿನ ಮೇಲೆ ನವಾಬ ಏನೂ ಅರಿಯದವನಂತೆ ಕೂತಿದ್ದ.

ನವಾಬ ಅಂದರೆ ಒಂದು ಗಿಳಿ. ಹಸಿರು ಗಿಳಿಯಲ್ಲ, ಕಾಕಟೀಲ್ ಅನ್ನುವ ಜಾತಿ. ಬೂದು ಮೈ, ಹಳದಿ ಮುಖ, ಕೆನ್ನೆಗೆ ಎರಡು ಕಿತ್ತಳೆ ಬೊಟ್ಟು, ತಲೆಯ ಮೇಲೆ ಪೇಟದ ತುರಾಯಿಯಂಥ ಜುಟ್ಟು. ಕಳೆದ ವರ್ಷ ಚಿಕ್ಕಮಗಳೂರಿನ ಮಾಮು ಅವನನ್ನು ಟೈಲರ್ ನೌರೀನಳ ಮಗಳು ಹುಮಾಳಿಗೆ ತಂದುಕೊಟ್ಟಿದ್ದರು. ಮಾತು ಅವನಿಗೆ ಬರುತ್ತಿರಲಿಲ್ಲ. ಸೀಟಿ ಮಾತ್ರ ಯಾವುದನ್ನು ಕೇಳಿದರೂ ಕಲಿಯುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರೇ ಮನೆ ಇದ್ದ ಮೇಲೆ ಇನ್ನು ಕೇಳಬೇಕೆ? ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ನವಾಬ ಹೊರಡುವುದನ್ನು ಕಲಿತಿದ್ದ. ನಿಲ್ಲಿಸುವುದನ್ನು ಕಲಿತಿರಲಿಲ್ಲ.

ಹುಮಾ ಸ್ಕೂಲ್ ಬ್ಯಾಗ್ ಹೊತ್ತುಕೊಂಡೇ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಾಯಿ ಮುಚ್ಚಿಕೊಂಡಳು. ಶನಿವಾರವಾದ್ದರಿಂದ ಅರ್ಧ ದಿನಕ್ಕೇ ಐದನೇ ಕ್ಲಾಸು ಬಿಟ್ಟಿತ್ತು. ಇಂಥ ತಮಾಷೆ ನೋಡಲು ಸರಿಯಾದ ಹೊತ್ತಿಗೇ ಮನೆ ಮುಟ್ಟಿದ್ದಳು.

ಬಸ್ಸು ರಿವರ್ಸ್ ಬಂತು. ಮಂಜಯ್ಯ ಏದುಸಿರು ಬಿಡುತ್ತಾ ನೇರ ಅಂಗಡಿಗೇ ಬಂದರು.

“ನೌರೀನಕ್ಕಾ, ಇದು ಮೂರನೇ ಸಲ! ಮೊನ್ನೆ ಪ್ರೇಮಕುಮಾರಿ ಟೀಚರ್ ಇಲ್ಲೇ ಉಳಿದ್ರು. ಅವರ ಊಟದ ಡಬ್ಬಿ ಒಂದೇ ಮೂಡಿಗೆರೆಗೆ ಹೋಗಿ ಬಂತು. ಇವತ್ತು ನಾನೇ ಉಳಿದೆ!”

ಅಮ್ಮಿ ಅಳತೆಯ ಟೇಪನ್ನು ಬಾಯಿಗೆ ಅಡ್ಡ ಹಿಡಿದಳು. ನಗು ಬಂದಾಗ ಅವಳು ಹಾಗೇ ಮಾಡುವುದು. “ತಪ್ಪಾಯ್ತು ಮಂಜಯ್ಯನೋರೆ. ಎಂತ ಮಾಡೋಣ ಹೇಳಿ?”

“ರೆಕ್ಕೆ ಕತ್ತರಿಸಿ ಅಕ್ಕ. ವಸ್ತಾರೆಯಲ್ಲಿ ನಮ್ಮತ್ತೆ ಮನೇಲೂ ಹೀಗೇ ಮಾಡ್ತಿದ್ರು. ಉಗುರು ತೆಗೆದ ಹಾಗೆ ಅಷ್ಟೇ. ನೋವಿಲ್ಲ, ಎಂತ ಇಲ್ಲ. ಆರು ತಿಂಗಳಿಗೆ ಮತ್ತೆ ಬರ್ತದೆ. ನಿಮ್ಮ ಕೈಲಿ ಹೇಗೂ ಕತ್ತರಿ ಉಂಟು. ಓನರ್ ಕಿವಿಗೆ ಬಿದ್ರೆ ನನ್ನ ಕೆಲಸಕ್ಕೆ ಕತ್ತರಿ ಬೀಳ್ತದೆ!”

ಅವರು ಹೋಗಿ ಬಸ್ಸು ಹತ್ತಿ, ನಿಜವಾದ ಸೀಟಿಯನ್ನು ಎರಡು ಸಲ ಊದಿದರು. ಬಸ್ಸು ಅಲುಗಲಿಲ್ಲ.

ಡ್ರೈವರ್ ಸೀಟಿನಿಂದ ಕಲ್ಲೇಶ್ ತಿರುಗಿ ಕೇಳಿದರು, “ನೀನೋ, ಗಿಳಿಯೋ?”

“ನಾನೇ ಮಾರಾಯಾ! ಹೊರಡು!”

ಬಸ್ಸಿಗೆ ಬಸ್ಸೇ ನಕ್ಕಿತು.

“ಕತ್ತರಿಸೋಣ ಅಮ್ಮಿ,” ಎಂದಳು ಹುಮಾ.

ಅಮ್ಮಿಯ ಮಿಷನ್ ಟಕ್ಕನೆ ನಿಂತಿತು. ಒಳಗೆ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ, ಅಂದರೆ ಹುಮಾಳ ದಾದಿಯ ಕೈ ಕೂಡ ನಿಂತಿತು. ನವಾಬನನ್ನು ಯಾರಾದರೂ ಗದರಿದರೂ ಸಾಕು, ಊಟ ಬಿಡುವ ಹುಡುಗಿ ಇವಳು.

“ನಮ್ಮ ಕ್ಲಾಸಿನ ರಶ್ಮಿ ಮನೇಲಿ ಲವ್ ಬರ್ಡ್ ಇದೆಯಲ್ಲ, ಅದಕ್ಕೆ ಕಟ್ ಮಾಡಿಸಿದ್ದಾರೆ. ಯಾವಾಗ್ಲೂ ಅವಳ ಭುಜದ ಮೇಲೇ ಇರ್ತದೆ. ಅಂಗಡಿಗೂ ಹಾಗೇ ಕರ್ಕೊಂಡು ಹೋಗ್ತಾಳೆ. ಎಲ್ಲರೂ ನೋಡ್ತಾರೆ,” ಎಂದಳು ಹುಮಾ.

ಇನ್ನೊಂದು ಮಾತೂ ಇತ್ತು. ಅದನ್ನು ಅವಳು ಹೇಳಲಿಲ್ಲ. ದಿನಾ ಸಂಜೆ ನವಾಬ ಕರೆಂಟು ಕಂಬದಾಚೆ ಹಾರಿಹೋದಾಗ ಅವಳು ‘ಟುಯ್ಯೋ’ ಎಂದು ಸೀಟಿ ಊದಿ ಕರೆಯುತ್ತಾ ಕಿಟಕಿಯಲ್ಲೇ ನಿಲ್ಲುತ್ತಿದ್ದಳು. ಕೆಲವು ದಿನ ಕೂಡಲೇ ಬರುತ್ತಿದ್ದ. ಕೆಲವು ದಿನ ಸಂಜೆಯ ಆಜಾನ್ ಆದಮೇಲೆ. ಒಂದು ದಿನ ಬಾರದೇ ಹೋದರೆ?

“ಕತ್ತರಿಸಿದ್ರೆ ಬೆಕ್ಕಿಗೆ ಸುಲಭ. ಬಿಟ್ರೆ ಕಾಗೆಗೆ ಸುಲಭ,” ಎಂದು ದಾದಿ ಒಳಗಿಂದಲೇ ಹೇಳಿದಳು. “ನನ್ನ ಅಡಿಕೆ ಕದಿಯೋದು ನಿಲ್ಸಿದ್ರೆ ಸಾಕು, ಬೇಟಾ.”

ಅಮ್ಮಿ ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡಳು. ನೋಡಿದಳು. ಮತ್ತೆ ಮೇಜಿನ ಮೇಲೆ ಇಟ್ಟಳು.

“ಪಕ್ಷಿ ನಿನ್ನದು. ನೀನು ಹೇಳಿದ ಹಾಗೇ ಮಾಡೋಣ. ಆದ್ರೆ ಹೊಸ ಡಿಸೈನ್ ಬಂದ್ರೆ ನಾನೇನು ಮಾಡ್ತೀನಿ? ಮೊದ್ಲು ಹಳೇ ಬಟ್ಟೇಲಿ ಹೊಲಿದು, ಹಾಕಿ ನೋಡ್ತೀನಿ. ಆಮೇಲೇ ರೇಷ್ಮೆಗೆ ಕತ್ತರಿ.”

“ರೆಕ್ಕೆಗೆ ಎಂಥ ಟ್ರಯಲ್ ಅಮ್ಮಿ?”

“ಜಾಕೆಟ್ ಹೊಲಿಯೋಣ. ರೆಕ್ಕೆ ಬಿಚ್ಚಕ್ಕೆ ಆಗಬಾರದು, ಉಸಿರು ಕಟ್ಟಬಾರದು. ನಾಳೆ ಒಂದು ಗಂಟೆ ಹಾಕ್ಕೊಂಡಿರಲಿ.”

ನವಾಬನ ಅಳತೆ ತೆಗೆಯುವುದು ಮದುವೆ ಹೆಣ್ಣಿನ ಅಳತೆ ತೆಗೆದಷ್ಟೇ ಕಷ್ಟವಾಯಿತು. ಹುಮಾ ಟವೆಲಿನಲ್ಲಿ ಹಿಡಿದಳು. ಅಮ್ಮಿ ಟೇಪು ಸುತ್ತಿದಳು. ನವಾಬ ಟೇಪನ್ನೇ ಕಚ್ಚಿದ.

“ಎದೆ ಸುತ್ತಳತೆ ಐದೂಮುಕ್ಕಾಲು ಇಂಚು. ಬರ್ಕೋ,” ಎಂದಳು ಅಮ್ಮಿ. “ತೋಳು ಇಲ್ಲ. ಕುತ್ತಿಗೆ ಡೀಪ್ ಬೇಡ, ಮರ್ಯಾದಸ್ತ ಮನೆತನ.”

ಹುಮಾ ನಕ್ಕು ನಕ್ಕು ಅಂಕಿಯನ್ನೇ ತಪ್ಪು ಬರೆದಳು.

ಮೆತ್ತನೆಯ ಲೈನಿಂಗ್ ಬಟ್ಟೆಯಲ್ಲಿ ನೀಲಿ ಜಾಕೆಟ್ ಸಿದ್ಧವಾಯಿತು. ಬೆನ್ನಿಗೆ ಎರಡು ಟಿಚ್ ಬಟನ್. ಭಾನುವಾರ ಬೆಳಗ್ಗೆ ಅದನ್ನು ತೊಡಿಸಿ ನೆಲಕ್ಕೆ ಬಿಟ್ಟರು. ನವಾಬ ಒಂದು ಹೆಜ್ಜೆ ಇಟ್ಟ. ನಿಂತ. ಜುಟ್ಟು ನೆಟ್ಟಗೆ ಮಾಡಿದ. ಆಮೇಲೆ ಎದೆ ಉಬ್ಬಿಸಿ, ಎಸ್ಟೇಟ್ ಸುತ್ತಲು ಹೊರಟ ಸಾಹುಕಾರರಂತೆ ಅಂಗಡಿಯ ಉದ್ದಕ್ಕೂ ನಡೆದ. ದಾದಿ ಕೂಡ ಅಡಿಕೆ ಬಿಟ್ಟು ಹೊರಗೆ ಬಂದಳು.

“ಯಾ ಅಲ್ಲಾ! ಇವನಿಗೊಂದು ಕೊಡೆ ಕೊಟ್ರೆ ಮುಗೀತು!”

ಮಂಜಯ್ಯನೂ ಬಾಗಿಲಲ್ಲಿ ಇಣುಕಿ ನೋಡಿದರು. ತೃಪ್ತಿಯಾಯಿತು. ರಸ್ತೆಯಾಚೆ ಕೂಗಿದರು, “ಕಲ್ಲೇಶಾ, ಇವತ್ತು ಗಿಳಿ ಕಟ್ಟಿ ಹಾಕಿದಾರೆ. ವಿಶಿಲ್ ಕೇಳಿದ್ರೆ ಧೈರ್ಯವಾಗಿ ಬಿಡು!” ಆಮೇಲೆ ಆರಾಮವಾಗಿ ಬೇಕರಿ ಕಡೆ ನಡೆದರು.

ಹುಮಾ ನವಾಬನನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡಳು. ಅವನು ಅಲ್ಲೇ ಕೂತ. ಅವಳು ಒಳಮನೆಗೆ ಹೋದಳು, ಅಲ್ಲೇ ಇದ್ದ. ಕನ್ನಡಿಯ ಮುಂದೆ ನಿಂತಳು, ಅಲ್ಲೇ ಇದ್ದ. ಥೇಟ್ ರಶ್ಮಿಯ ಹಾಗೆ!

“ನೋಡು ಅಮ್ಮಿ, ಎಷ್ಟು ಚೆನ್ನಾಗಿ ಕೂತಿದ್ದಾನೆ!”

ಅಮ್ಮಿ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದಳು, “ಹೆಂಗಸರೂ ಹೀಗೇ. ಕನ್ನಡಿ ಮುಂದೆ ನೆಟ್ಟಗೆ ನಿಂತು ‘ಸರಿಯಾಗಿದೆ ನೌರೀನ್’ ಅಂತಾರೆ. ಕೈ ಎತ್ತಿ ನೋಡಿ ಅಂತ ನಾನೇ ಹೇಳ್ಬೇಕು. ಎತ್ತಿದ ಮೇಲೇ ಗೊತ್ತಾಗೋದು ಎಲ್ಲಿ ಹಿಡೀತದೆ ಅಂತ. ಕೆಲವರು ಆಗ್ಲೂ ಹೇಳಲ್ಲ. ಹಾಗೇ ಹಾಕ್ಕೊಂಡು ಹೋಗ್ತಾರೆ.”

ಹಾಗೆ ಹೇಳುವಾಗ ಅವಳು ಹುಮಾಳ ಕಡೆ ನೋಡುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ತಲೆ ಕೊಡವಿ, “ಹೋಗು, ಒಂದು ಲೋಟ ನೀರು ತಾ,” ಎಂದಳು.

ಹುಮಾ ನವಾಬನನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಟ್ಟು ಅಡುಗೆಮನೆಗೆ ನಡೆದಳು.

ಅವಳು ಅಡುಗೆಮನೆಗೆ ಹೋದಾಗಲೆಲ್ಲ ನವಾಬ ಪುರ್ರನೆ ಹಿಂದೆ ಬರುವುದು ರೂಢಿ. ಇವತ್ತೂ ಹೊರಟ. ಮೇಜಿನ ಅಂಚಿನಿಂದ ಜಿಗಿದ.

ಥಪ್!

ಕೆಳಗೆ ಬಟ್ಟೆಯ ತುಂಡುಗಳ ರಾಶಿ ಇತ್ತು. ಪೆಟ್ಟಾಗಲಿಲ್ಲ. ನವಾಬ ಎದ್ದು, ಸುತ್ತ ನೋಡಿ, ಕುರ್ಚಿಯ ಬೆತ್ತವನ್ನು ಕೊಕ್ಕಿನಲ್ಲಿ ಹಿಡಿದು ಹಿಡಿದು ಮತ್ತೆ ಮೇಜು ಹತ್ತಿದ. ಹುಮಾಳಿಗೆ ನಗು ಬಂತು.

ಮತ್ತೆ ಜಿಗಿದ. ಥಪ್!

ಈ ಸಲ ಅವಳು ನಗಲಿಲ್ಲ.

ಮತ್ತೆ ಹತ್ತಿದ. ಅಂಚಿನ ತನಕ ಬಂದ. ಕೆಳಗೆ ನೋಡಿದ. ಹುಮಾಳನ್ನು ನೋಡಿದ. ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿದ.

‘ಟುಯ್ಯೋ,’ ಎಂದು ಹುಮಾ ಮೆಲ್ಲಗೆ ಕರೆದಳು.

ನವಾಬ ಜುಟ್ಟು ಎತ್ತಿದ, ಇಳಿಸಿದ. ಬರಲಿಲ್ಲ.

ಎಷ್ಟೋ ಸಂಜೆ ಅವನು ಬಾರದೆ ಕಾಯಿಸಿದ್ದ. ಆಗೆಲ್ಲ ಹುಮಾಳಿಗೆ ಸಿಟ್ಟು ಬರುತ್ತಿತ್ತು. ಇವತ್ತು ಸಿಟ್ಟು ಬರಲಿಲ್ಲ. ನೀರಿನ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಅಷ್ಟರಲ್ಲಿ ಹೊರಗೆ ಮೂಡಿಗೆರೆ ಬಸ್ಸಿನ ಇಂಜಿನ್ ಗುರ್ ಎಂದಿತು. ನವಾಬನ ಕಣ್ಣು ಅರಳಿತು. ಮೇಜಿನಿಂದ ಕಿಟಕಿಯ ಕಟ್ಟೆಗೆ ಹತ್ತಿ, ನೀಲಿ ಜಾಕೆಟಿನೊಳಗಿಂದಲೇ ಕತ್ತು ಚಾಚಿದ.

ಪೀಂ! ಪೀಂ!

ಕಲ್ಲೇಶ್ ಧೈರ್ಯವಾಗಿ ಬಿಟ್ಟರು.

“ಏಯ್! ಏಯ್ ಮಾರಾಯಾ!” ಬೇಕರಿಯಿಂದ ಮಂಜಯ್ಯ ಹಾರಿ ಬಂದರು. ಇವತ್ತು ಬನ್ನಿನ ಬದಲು ಪಫ್ಸ್ ಇತ್ತು. ಬಸ್ಸು ಸೇತುವೆ ದಾಟಿಯೇ ನಿಂತಿತು.

ಐದು ನಿಮಿಷದ ಮೇಲೆ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲಿದ್ದರು. ಕಿಟಕಿಯಲ್ಲಿ ಜಾಕೆಟ್ ತೊಟ್ಟ ನವಾಬ ಅವರನ್ನು ಗಂಭೀರವಾಗಿ ನೋಡುತ್ತಿದ್ದ.

“ರೆಕ್ಕೆ ಕಟ್ಟಿದೆ ಅಂದ್ರಲ್ಲ?” ಎಂದು ಕಲ್ಲೇಶ್ ಕೇಳಿದರು.

“ರೆಕ್ಕೆ ಕಟ್ಟಿದೆ. ಬಾಯಿ ಕಟ್ಟಿಲ್ಲ,” ಎಂದಳು ದಾದಿ.

ಮಂಜಯ್ಯ ತಲೆ ಕೆರೆದುಕೊಂಡರು. “ಹೌದಲ್ಲ ಮಾರಾಯಾ! ವಿಶಿಲ್ ರೆಕ್ಕೇಲಿ ಹೊಡೆಯಲ್ಲ ಅನ್ನೋದೇ ನಂಗೆ ಹೊಳೀಲಿಲ್ಲ ನೋಡು.”

“ನಿನಗೆ ಎಂತ ಹೊಳೆದಿದೆ ಇಷ್ಟು ವರ್ಷದಲ್ಲಿ?” ಕಲ್ಲೇಶ್ ನಕ್ಕರು. “ಬಿಡು, ಇಲ್ಲಿಂದ ಹೊರಡುವಾಗ ಸೀಟಿ ಬೇಡ. ಬಾಗಿಲ ತಗಡಿಗೆ ಎರಡು ಗುದ್ದು ಗುದ್ದು. ಅದನ್ನ ಕಲೀಬೇಕಾದ್ರೆ ಗಿಳಿಗೆ ಕೈ ಬರಬೇಕು.”

ಮಂಜಯ್ಯ ಹೋಗಿ ಬಸ್ಸಿಗೆ ಢಬ್ ಢಬ್ ಎಂದು ಗುದ್ದಿದರು. ಬಸ್ಸು ಹೊರಟಿತು. ನವಾಬ ಕತ್ತು ವಾಲಿಸಿ ಆ ಹೊಸ ಸದ್ದನ್ನು ಕೇಳಿದ. ಅವನಿಗದು ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ.

ಅಂಗಡಿಯಲ್ಲಿ ಈಗ ಮೂವರೇ ಉಳಿದರು. ಅಮ್ಮಿ ಕತ್ತರಿಯ ಪಕ್ಕದಲ್ಲಿದ್ದ ಚಾಕ್ ತುಂಡನ್ನು ಆಚೆ ತಳ್ಳಿದಳು.

“ಬಸ್ಸಿನ ತಕರಾರು ಮುಗೀತು,” ಎಂದಳು. “ನಿನ್ನದು ಉಳೀತು. ಭುಜದ ಮೇಲೆ ಯಾವಾಗ್ಲೂ ಕೂತಿರಬೇಕು ಅಂದ್ಯಲ್ಲ. ಕತ್ತರಿಸಿದ್ರೆ ಕೂರ್ತಾನೆ. ಅದು ಸುಳ್ಳಲ್ಲ. ಹೇಳು, ಎಂತ ಮಾಡೋಣ?”

ಅಮ್ಮಿಯ ದನಿಯಲ್ಲಿ ಬೈಗುಳವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ದೊಡ್ಡವರನ್ನು ಕೇಳುವ ಹಾಗೆ ಕೇಳಿದಳು.

ಹುಮಾ ಕಿಟಕಿಯ ಬಾಗಿಲು ಮುಚ್ಚಿದಳು. ಫ್ಯಾನಿನ ಸ್ವಿಚ್ ಆಫ್ ಮಾಡಿದಳು. ನವಾಬನ ಬೆನ್ನ ಮೇಲಿನ ಟಿಚ್ ಬಟನ್‌ಗಳನ್ನು ಬಿಡಿಸಿದಳು. ಟಿಕ್. ಟಿಕ್.

ಜಾಕೆಟ್ ಕಳಚಿ ಬಿತ್ತು. ನವಾಬ ಒಂದು ಕ್ಷಣ ಹಾಗೇ ನಿಂತ. ಇನ್ನೂ ಅದು ಮೈಮೇಲೆ ಇದೆಯೆಂದೇ ತಿಳಿದಿದ್ದನೋ ಏನೋ. ಆಮೇಲೆ ಒಂದು ರೆಕ್ಕೆ ಬಿಚ್ಚಿ ನೋಡಿದ. ಇನ್ನೊಂದು ಬಿಚ್ಚಿದ. ಪುರ್ರ್! ತೂಗುಹಾಕಿದ್ದ ರವಿಕೆಗಳ ಸಾಲಿನ ಮೇಲೆ, ದಾದಿಯ ತಲೆಯ ಮೇಲೆ, ಅಂಗಡಿಗೆ ಮೂರು ಸುತ್ತು ಹಾಕಿ, ಪರದೆಯ ಸರಳಿನ ಮೇಲೆ ಹೋಗಿ ಕೂತ. ಹುಮಾಳಿಗೆ ಬೆನ್ನು ಹಾಕಿ ಕೂತ.

“ಸಿಟ್ಟು ಬಂದಿದೆ ನವಾಬ ಸಾಹೇಬರಿಗೆ,” ಎಂದಳು ದಾದಿ. “ಕರಿ ಅವನನ್ನ. ನಿನ್ನ ಸೀಟಿ ಹೊಡಿ.”

ಹುಮಾ ತುಟಿ ಕೂಡಿಸಿದಳು. ಮತ್ತೆ ಬಿಟ್ಟಳು.

“ಬೇಡ ದಾದಿ. ಇರಲಿ.”

ಮೇಲೆ ನವಾಬ ಗರಿ ತಿದ್ದಲು ಶುರುಮಾಡಿದ್ದ. ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಬುಡದಿಂದ ತುದಿಯ ತನಕ ಎಳೆದು, ನೆಟ್ಟಗೆ ಮಾಡಿ, ಮುಂದಿನದಕ್ಕೆ ಹೋಗುತ್ತಿದ್ದ. ಅವನಿಗೆ ಯಾವ ಅವಸರವೂ ಇರಲಿಲ್ಲ.

ಅಮ್ಮಿ ಕತ್ತರಿಯನ್ನು ಡ್ರಾಯರಿಗೆ ಹಾಕಿ, ನವಾಬ ಹೊರಗೆ ಹಾರಿಹೋಗದಂತೆ ಕಿಟಕಿಗೆ ಹೊಡೆಸಬೇಕಾದ ಸೊಳ್ಳೆಪರದೆಯ ಅಳತೆ ತೆಗೆಯತೊಡಗಿದಳು.

ಹುಮಾ ಸರಳಿನ ಕೆಳಗೇ ಚಾಪೆ ಹಾಸಿ, ಗಣಿತದ ನೋಟ್‌ಬುಕ್ ತೆರೆದು ಕೂತಳು. ಒಂದು ಲೆಕ್ಕ ಮುಗಿಸಿದಳು. ಎರಡನೆಯದೂ ಮುಗಿಯಿತು. ಒಂದು ಸಲವೂ ಮೇಲೆ ನೋಡಲಿಲ್ಲ. ಬರೆಯುವ ಕೈ ಓಡುತ್ತಲೇ ಇತ್ತು. ಎಡಗಡೆಯ ಭುಜವನ್ನು ಮಾತ್ರ ಅವಳು ಒಂದಿಷ್ಟೂ ಅಲುಗಿಸಲಿಲ್ಲ.