ಕಪಾಟಿನ ಮೇಲಿನ ರೊಟ್ಟಿ

ಸೋಮವಾರ ಬೆಳಿಗ್ಗೆ ಶಿಶುವಿಹಾರದ ಉಗ್ರಾಣ ತೆರೆದಾಗ ಫ್ರೀಜರ್ ಖಾಲಿಯಾಗಿತ್ತು. ಎರಡು ಕುರಿಯ ಮಾಂಸ ಮಾಯ. ಕಿಟಕಿಯ ಸರಳು ಅಲುಗಿರಲಿಲ್ಲ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಅದು ಪೇಟೆಯಿಂದ ತಂದ ಮಾಂಸವಲ್ಲ. ರಾಜಧಾನಿ ಬಿಷ್ಕೆಕ್‌ನ ಅಂಚಿನ ತಾಂಗ್ ಬಡಾವಣೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ರಕ್ತ ಸಾಲದು ಎಂದು ನರ್ಸ್ ಹೇಳಿದ ಮೇಲೆ, ಬರೀ ಚಹಾ ರೊಟ್ಟಿಯಲ್ಲಿ ದಿನ ದೂಡುವ ಜನ ಮನೆಮನೆಗೂ ಪಾಲು ಹಾಕಿ ಕೊಟ್ಟ ಕುರಿಗಳು. ಮಕ್ಕಳಿಗೆ ಬಿಸಿ ಮಾಂಸದ ಸಾರು ಸಿಗಲೆಂದು ಕೊಟ್ಟದ್ದು.

ಪೊಲೀಸ್ ಕ್ಯಾಪ್ಟನ್ ಚೋಲ್ಪೋನ್ ಬರುವ ಹೊತ್ತಿಗೆ ಮುಖ್ಯಸ್ಥೆ ರಹಾತ್ ತೀರ್ಪು ಕೊಟ್ಟಾಗಿತ್ತು. ಕೀಲಿಕೈ ಇರುವುದು ಎಲ್ಲರೂ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಅಡುಗೆಯ ಬುರ್ಮಾಕನ್ ಒಬ್ಬಳ ಹತ್ತಿರ. ಅವಳು ದಿನಾ ಸಂಜೆ ಚೀಲ ಹಿಡಿದು ಹಿಂದಿನ ಬೇಲಿಯ ಕಡೆ ಹೋಗುವುದನ್ನು ರಿಪೇರಿ ಕೆಲಸದ ತುರ್ದುಬೆಕ್ ಕಣ್ಣಾರೆ ಕಂಡಿದ್ದಾನೆ. ಇನ್ನೇನು ಬೇಕು? ಸಂಜೆಯೊಳಗೆ ಕಳ್ಳತನ ಇತ್ಯರ್ಥವಾಗದಿದ್ದರೆ ಮೇಲಿನವರು ಅಡುಗೆಮನೆಯನ್ನೇ ಮುಚ್ಚಿಸುತ್ತಾರೆ, ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣವೇ ಗತಿ, ಎಂದಳು ರಹಾತ್.

ಗಿಡ್ಡ ದೇಹದ ಬುರ್ಮಾಕನ್ ಅಪಾ ಉಗ್ರಾಣದ ಮೂಲೆಯಲ್ಲಿ ಕೂತು ಕ್ಯಾರೆಟ್ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಮಾಂಸವಿಲ್ಲದಿದ್ದರೂ ಮಧ್ಯಾಹ್ನ ಮಕ್ಕಳಿಗೆ ಹಸಿವಾಗುತ್ತದಲ್ಲ.

ಚೋಲ್ಪೋನ್ ಚಾಕು ಹಿಡಿದ ಆ ಕೈಯನ್ನೇ ನೋಡಿದಳು. ಈ ಮುದುಕಿಯ ಕೈ ಅವಳಿಗೆ ಗೊತ್ತು. ಹಳ್ಳಿ ಬಿಟ್ಟು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ವಿಳಾಸದ ನೋಂದಣಿ ಇಲ್ಲವೆಂದು ಶಿಶುವಿಹಾರ ಸೇರಿಸಿಕೊಳ್ಳದ ಹುಡುಗಿಯೊಬ್ಬಳಿಗೆ, ಬೇಲಿಯ ಸಂದಿಯಿಂದ ಸಾರಿನ ಬಟ್ಟಲು ನೀಡಿದ್ದು ಇದೇ ಕೈ. ಆ ಋಣ ಅವಳು ಮರೆತಿರಲಿಲ್ಲ. ಅದಕ್ಕೇ ಹೆದರಿದಳು. ಉಂಡ ಋಣ ಕಣ್ಣಿಗೆ ಪರದೆ ಕಟ್ಟಬಾರದು. ಸಾಕ್ಷಿ ಬೇಕು.

"ಅಪಾ, ಮಾಂಸ ಬಿಟ್ಟು ಬೇರೆ ಏನಾದ್ರೂ ಆಚೀಚೆ ಆಗಿದೆಯಾ?"

"ಆ ರೊಟ್ಟಿ ನೋಡು ಮಗಳೇ. ಬುಟ್ಟೀಲಿ ಇಟ್ಟಿದ್ದೆ. ಕಪಾಟಿನ ಮೇಲೆ ಹೋಗಿ ಕೂತಿದೆ."

ಚೋಲ್ಪೋನ್ ತುದಿಗಾಲಲ್ಲಿ ನಿಂತರೂ ಕಪಾಟಿನ ನೆತ್ತಿ ಎಟುಕಲಿಲ್ಲ. ಸ್ಟೂಲು ತರಿಸಿ ಹತ್ತಿದಳು. ದಪ್ಪನೆಯ ದುಂಡು ರೊಟ್ಟಿ. ಮುಖ ಮೇಲಾಗಿ, ಒಪ್ಪವಾಗಿ ಇಟ್ಟಿದ್ದರು. ಒಂದು ಅಂಚಿಗೆ ನೆಲದ ಮಸಿ ಅಂಟಿತ್ತು. ಅವಳು ಫೋಟೋ ತೆಗೆದುಕೊಂಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು.

* * *

ಮೊದಲು ಬೇಲಿ. ಅಲ್ಲಿ ನೋಂದಣಿ ಇಲ್ಲದ ನಾಲ್ಕಾರು ಮಕ್ಕಳು ಆಡುತ್ತಿದ್ದವು. ಅಪಾ ಚೀಲದಲ್ಲಿ ಏನು ತರುತ್ತಾಳೆ ಎಂದು ಕೇಳಿದರೆ ನಾಚಿಕೊಂಡವು. ಕೊನೆಗೆ ಒಬ್ಬಳು ಪುಟ್ಟಿ ಬಾಯಿ ಬಿಟ್ಟಳು. ತಳದ ಗಂಜಿ, ಮಿಕ್ಕ ರೊಟ್ಟಿ, ಒಂದೊಂದು ದಿನ ಸೇಬು. ಮಾಂಸ? ಅದನ್ನು ಒಳಗಿನ ಮಕ್ಕಳೇ ತಿಂದು ಮುಗಿಸುತ್ತಾರಂತೆ.

ಅಂದರೆ ಚೀಲದ ಗುಟ್ಟು ಇಷ್ಟೇ. ಔತಣದಲ್ಲಿ ಮಿಕ್ಕದ್ದನ್ನು ಮನೆಯ ಮಕ್ಕಳಿಗೆ ಕಟ್ಟಿಕೊಡುವುದು ಇಲ್ಲಿ ಹಿಂದಿನಿಂದ ಬಂದ ಪದ್ಧತಿ. ಬುರ್ಮಾಕನ್ ಅಪಾಗೆ ಬೇಲಿಯಾಚೆಯವೂ ಮನೆಯ ಮಕ್ಕಳೇ.

ಆಮೇಲೆ ಕಾವಲುಗಾರ ಕಾಸಿಮಾಲಿ. ಆ ಎತ್ತರದ ಕಪಾಟು ಅವನಿಗೆ ಲೆಕ್ಕವಲ್ಲ, ಅಷ್ಟು ಉದ್ದ. ಭಾನುವಾರ ಕುರ್ಚಿಯಲ್ಲೇ ಗೊರಕೆ ಹೊಡೆದೆ ಎಂದು ತಾನೇ ಒಪ್ಪಿಕೊಂಡ. ಚಹಾ ಕೊಟ್ಟ. ಚೋಲ್ಪೋನ್ ಮೊಣಕೈ ತಗುಲಿಸಿ ರೊಟ್ಟಿಯ ತುಂಡೊಂದನ್ನು ನೆಲಕ್ಕೆ ಬೀಳಿಸಿದಳು. ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡಳು. ಕಾಸಿಮಾಲಿ ಎತ್ತಿಕೊಂಡು ಹಣೆಗೊತ್ತಿ, ಪುಡಿ ಮಾಡಿ ಕಿಟಕಿಯಾಚೆ ಗುಬ್ಬಿಗಳಿಗೆ ಹಾಕಿದ.

"ಬಿದ್ದಿದ್ದು ಹಕ್ಕಿಗೆ," ಎಂದ. "ನಮ್ಮಪ್ಪ ಕಲ್ಸಿದ್ದು."

* * *

ಬೀಗ ಪರೀಕ್ಷಿಸಬೇಕೆಂದು ಚೋಲ್ಪೋನ್ ತುರ್ದುಬೆಕ್‌ನನ್ನು ಉಗ್ರಾಣಕ್ಕೆ ಕರೆಸಿದಳು. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬಂದ. ಹೋದ ತಿಂಗಳು ಈ ಬೀಗ ಕೂರಿಸಿದವನು ಅವನೇ. ರಹಾತ್, ಅಪಾ ಇಬ್ಬರೂ ಅಲ್ಲಿದ್ದರು. ಒಳ್ಳೇ ಬೀಗ, ಇದನ್ನು ಒಡೆಯೋಕೆ ದೇವರೇ ಬರಬೇಕು ಎಂದು ಅವನು ವಿವರಿಸುತ್ತಿರುವಾಗಲೇ ಚೋಲ್ಪೋನ್ ಬುಟ್ಟಿಗೆ ಕೈ ತಾಗಿಸಿದಳು. ರೊಟ್ಟಿಯೊಂದು ಕೆಳಗೆ ಬಿತ್ತು.

ತುರ್ದುಬೆಕ್ ಮಾತು ನಿಲ್ಲಿಸಲಿಲ್ಲ. ಬಗ್ಗಿದ, ಎತ್ತಿದ, ತುಟಿಗೂ ಹಣೆಗೂ ಮುಟ್ಟಿಸಿದ. ಮುಖ ಮೇಲೆ ಮಾಡಿ, ನೋಡದೆಯೇ, ಕೈ ಚಾಚಿ ಕಪಾಟಿನ ನೆತ್ತಿಯ ಮೇಲಿಟ್ಟ.

ಬುರ್ಮಾಕನ್ ಅಪಾಳ ಚಾಕು ನಿಂತಿತು.

"ಅಣ್ಣ, ಮೇಜು ಪಕ್ಕದಲ್ಲೇ ಇದೆ. ಅಷ್ಟು ಮೇಲೆ ಯಾಕಿಟ್ಟೆ?" ಚೋಲ್ಪೋನ್ ಕೇಳಿದಳು.

"ಬಿದ್ದ ರೊಟ್ಟಿ ಎತ್ತರದಲ್ಲಿಡಬೇಕು. ನಮ್ಮಮ್ಮ ಹಾಗೇ ಮಾಡೋಳು."

"ನಿನ್ನೆ ಕತ್ತಲಲ್ಲೂ ಹಾಗೇ ಮಾಡಿದ್ಯಾ?"

ಅವನ ಮುಖ ಬಿಳಿಚಿತು. "ನನ್ನ ಹತ್ರ ಎರಡನೇ ಕೀಲಿಕೈ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎರಡನೇ ಕೀಲಿಕೈಯ ಮಾತನ್ನು ಯಾರೂ ಎತ್ತಿರಲಿಲ್ಲ. ಚೋಲ್ಪೋನ್ ಅವನ ಸೊಂಟದ ಕೀಲಿಕೈ ಗೊಂಚಲು ಕೇಳಿ ಪಡೆದಳು. ಮೂರನೆಯ ಕೀಲಿ ಬೀಗದೊಳಗೆ ಸಲೀಸಾಗಿ ತಿರುಗಿತು.

ಆಗ ಅವಳು ಬಿಡಿಸಿ ಹೇಳಿದಳು. ಕಳ್ಳ ಕತ್ತಲಲ್ಲಿ ಬುಟ್ಟಿಗೆ ತಗುಲಿದ, ರೊಟ್ಟಿ ನೆಲಕ್ಕೆ ಬಿತ್ತು. ಮಕ್ಕಳ ಮಾಂಸ ಕದಿಯಲು ಬಂದವನಿಗೂ ರೊಟ್ಟಿ ತುಳಿದು ಹೋಗಲು ಮನಸ್ಸಾಗಲಿಲ್ಲ. ಎತ್ತಿಟ್ಟ. ಎತ್ತಿಟ್ಟ ಜಾಗ ಗಿಡ್ಡ ಅಪಾಗೆ ಎಟುಕದು, ಹಾಗಾಗಿ ಅವಳಲ್ಲ. ಕಾಸಿಮಾಲಿಗೆ ಎಟುಕುತ್ತದೆ, ಆದರೆ ಅವನು ಬಿದ್ದದ್ದನ್ನು ಹಕ್ಕಿಗೆ ಹಾಕುವವನು. ಉಳಿದವನು ಒಬ್ಬನೇ. ಹುಟ್ಟುಗುಣ ಸುಟ್ಟರೂ ಹೋಗದು.

"ಬೇಲಿನೇ ಎದ್ದು ಹೊಲ ಮೇಯ್ತು ನೋಡು," ಎಂದಳು ರಹಾತ್. ಆಮೇಲೆ ಅಪಾಳ ಕಡೆ ನೋಡಿ ತಲೆ ತಗ್ಗಿಸಿದಳು.

ತುರ್ದುಬೆಕ್ ನೆಲದ ಮೇಲೆ ಕುಸಿದು ಕೂತ. ನಾಳೆ ಮಗಳ ಮದುವೆಯ ಮಾತಿಗೆ ಬೀಗರು ಬರುವವರಿದ್ದರು. ಇಲ್ಲಿನ ರೂಢಿಯಂತೆ ಹಿರಿಯರಿಗೆ ಅವರವರ ಅಂತಸ್ತಿಗೆ ತಕ್ಕ ಮಾಂಸದ ಮೂಳೆ ಬಡಿಸದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಆಮೇಲೆ ಹೇಗಾದರೂ ತುಂಬಿಸಿಡುವ ಯೋಚನೆ ಇತ್ತಂತೆ. ಮಾಂಸವೆಲ್ಲ ಮನೆಯಲ್ಲೇ ಇತ್ತು. ಒಂದು ತುಂಡೂ ಬೆಂದಿರಲಿಲ್ಲ.

"ಕೇಳಿದ್ರೆ ನಮ್ಮ ಮನೆ ಹುಂಜಾನೇ ಕೊಡ್ತಿದ್ದೆ," ಎಂದಳು ಅಪಾ. "ನನ್ನ ಹೆಸರು ಯಾಕೆ ಹೇಳ್ದೆ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

* * *

ಸಂಜೆಯ ಹೊತ್ತಿಗೆ ಅವನ ಮನೆಯಿಂದ ಮರಳಿ ತಂದ ಮಾಂಸ ಹಂಡೆಯಲ್ಲಿ ಕುದಿಯುತ್ತಿತ್ತು. ಪೊಲೀಸ್ ಜೀಪು ಬಂತು. ಚೋಲ್ಪೋನ್ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಯನ್ನು ಸಾಕ್ಷಿಯ ಚೀಲಕ್ಕೆ ಹಾಕಲು ಹೋದಳು. ಅಪಾ ಅವಳ ಕೈ ಹಿಡಿದಳು.

"ಫೋಟೋ ತೆಗ್ದಿದ್ದೀಯಲ್ಲ. ರೊಟ್ಟಿಗೆ ಯಾರಾದ್ರೂ ಮುದ್ರೆ ಒತ್ತಾರಾ? ಇದು ತಿನ್ನೋಕಿರೋದು."

ಮಸಿ ಅಂಟಿದ ಅಂಚು ಕಿತ್ತು ಗುಬ್ಬಿಗೆ ತೆಗೆದಿಟ್ಟಳು. ಉಳಿದದ್ದನ್ನು ಮುರಿದು ಮೊದಲ ತುಂಡನ್ನು ತುರ್ದುಬೆಕ್‌ನ ಮುಂದೆ ಹಿಡಿದಳು. ಅವಳ ಅಡುಗೆಮನೆಯಿಂದ ಯಾರೂ ರೊಟ್ಟಿಗೆ ಬಾಯಿ ಮುಟ್ಟಿಸದೆ ಹೊರಡುವಂತಿಲ್ಲ, ಕಳ್ಳನಾದರೂ ಸರಿ. ಅವನು ತುಂಡನ್ನು ಬಾಯಿಗಿಟ್ಟುಕೊಂಡ. ನುಂಗಲಾರದೆ ಅಳುತ್ತ ಜೀಪು ಹತ್ತಿದ.

ರಹಾತ್ ಎಲ್ಲರ ಎದುರಿಗೇ ಅಪಾಳ ಕ್ಷಮೆ ಕೇಳಿದಳು. ಆಮೇಲೆ ಕೀಲಿಕೈ ತೆಗೆದುಕೊಂಡು ಹೋಗಿ ಹಿಂದಿನ ಗೇಟು ತೆರೆದಳು. ಬೇಲಿಯಾಚೆಯ ಮಕ್ಕಳು ಒಂದೊಂದಾಗಿ ಒಳಗೆ ಬಂದು ಬೆಂಚಿನ ಮೇಲೆ ಕೂತವು. ಸೌಟು ಅವುಗಳ ಬಟ್ಟಲಿಗೂ ಮಾಂಸ ಹಾಕಿತು.

ಚೋಲ್ಪೋನ್ ತನ್ನ ಪಾಲಿನ ರೊಟ್ಟಿ ಹಿಡಿದು ನಿಂತಿದ್ದಳು. ಇಷ್ಟು ವರ್ಷ ಹೇಳದೆ ಉಳಿದ ಮಾತು ಈಗ ಬಂತು.

"ಅಪಾ, ಆ ಬೇಲಿ ಹತ್ರ ನಾನೂ ನಿಂತಿದ್ದೆ. ನಿನ್ನ ಸಾರು ಕುಡಿದೇ ಬದುಕಿದ್ದು."

"ನೀನು ಬಂದಾಗ್ಲೇ ಗೊತ್ತಾಯ್ತು." ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇನ್ನೊಂದೊಂದು ಸೌಟು ಜಾಸ್ತಿ ಹಾಕ್ಬೇಕಿತ್ತು. ನಿಂಗೆ ಕಪಾಟು ಎಟುಕ್ತಿತ್ತು."

ಹಾಗೆಂದು ಬಟ್ಟಲು ತುಂಬಿ ಅವಳ ಕೈಗಿಟ್ಟಳು.